ಕೀ ಕೊರಿಯರ್‌ನಲ್ಲಿ ಬರುವುದಿಲ್ಲ

ಹೋದ ಸಂಚಿಕೆಯಲ್ಲಿ, ಡಿಗ್ರಿ ಆದಮೇಲೆ ಒಂದು ವರ್ಷ ಹೊರದೇಶದಲ್ಲಿ ದುಡಿದು ಬರುವ ಬಗ್ಗೆ ಸುಮ್ನೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹೆಚ್ಚಿನವರು ಕೇಳಿರುವುದು ವೀಸಾ ಬಗ್ಗೆ. ಮನೆ ಬಗ್ಗೆ ಕೇಳಿದವರು ಕೆಲವೇ ಜನ. ಅಲ್ಲಿಗೆ ಹೋದಮೇಲೆ ಇದು ತಿರುಗುಮುರುಗಾಗುತ್ತೆ ನೋಡಿ. ವೀಸಾಗೆ ನಿಯಮ ಇದೆ, ಫಾರ್ಮ್ ಇದೆ, ಸರಿಯಾಗಿ ತುಂಬಿದರೆ ಒಂದಲ್ಲ ಒಂದು ದಿನ ಉತ್ತರ ಬರುತ್ತೆ. ಮನೆ ಹುಡುಕುವುದಕ್ಕೆ ಯಾವ ಫಾರ್ಮೂ ಇಲ್ಲ. ನಾನು 2023ರಲ್ಲಿ ಮ್ಯಾಂಚೆಸ್ಟರ್‌ಗೆ ಹೋಗಿ ಒಂದೂವರೆ ವರ್ಷ ಇದ್ದು ಬಂದವಳು. ಅದರಲ್ಲಿ ಮೊದಲ ಆರು ವಾರ ಮನೆ ಹುಡುಕಿದ್ದೇ ಹುಡುಕಿದ್ದು. ಹಾಗಾಗಿ ಈ ಸಲ ಮನೆಯ ಪತ್ರಗಳಿಗೇ ಜಾಸ್ತಿ ಜಾಗ.

ಪ್ರಶ್ನೆ: ಅಕ್ಕ, ನನಗೆ 23 ವರ್ಷ. ಬಿ.ಕಾಂ ಮುಗಿಸಿ ಜಯನಗರದ ಒಂದು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡ್ತಿದ್ದೇನೆ. ಬ್ರಿಟನ್ನಿನಲ್ಲಿ ಎರಡು ವರ್ಷ ಇದ್ದು ದುಡಿಯುವ ವೀಸಾಗೆ ಹೆಸರು ಎತ್ತುವ ಯಂಗ್ ಪ್ರೊಫೆಷನಲ್ಸ್ ಲಾಟರಿಯಲ್ಲಿ ನನ್ನ ಹೆಸರು ಬಂದಿದೆ. ಅಪ್ಪನದ್ದು ಒಂದೇ ಷರತ್ತು, ಇಲ್ಲಿಂದ ಹೊರಡುವ ಮುಂಚೆ ಅಲ್ಲಿ ಮನೆ ಫಿಕ್ಸ್ ಆಗಿರಬೇಕು. ಲಂಡನ್ನಿನಲ್ಲಿ ಒಂದು ಚೆಂದದ ಫ್ಲ್ಯಾಟ್ ಆನ್‌ಲೈನ್‌ನಲ್ಲಿ ಸಿಕ್ಕಿದೆ, ತಿಂಗಳಿಗೆ 600 ಪೌಂಡ್. ಓನರ್ ಸದ್ಯಕ್ಕೆ ಬೇರೆ ದೇಶದಲ್ಲಿದ್ದಾರಂತೆ. ಎರಡು ತಿಂಗಳ ಬಾಡಿಗೆ ಕಳಿಸಿದರೆ ಕೀ ಕೊರಿಯರ್ ಮಾಡ್ತಾರಂತೆ. ಕಳಿಸಲಾ?
– ಓದುಗಿ, ಬನಶಂಕರಿ

ಕಳಿಸಬೇಡ. ಅಕ್ಕ ಅಂತ ಕರೆದಿದ್ದೀಯ, ಅದಕ್ಕೇ ನೀನು ಅಂತಲೇ ಬರೆಯುತ್ತಿದ್ದೇನೆ. ಆ ಮನುಷ್ಯನ ಮೇಲ್‌ಗೆ ಉತ್ತರವನ್ನೂ ಬರೆಯಬೇಡ.

ಲಂಡನ್ನಿನಲ್ಲಿ 600 ಪೌಂಡ್‌ಗೆ ಪೂರ್ತಿ ಫ್ಲ್ಯಾಟ್ ಸಿಗುವುದಿಲ್ಲ. ನಾಲ್ಕು ಜನರ ಜೊತೆ ಹಂಚಿಕೊಂಡ ಮನೆಯಲ್ಲಿ ಒಂದು ರೂಮ್ ಆ ದುಡ್ಡಿಗೆ ಸಿಕ್ಕರೇ ಪುಣ್ಯ. ಅದಕ್ಕಿಂತ ಮುಖ್ಯ ಇನ್ನೊಂದಿದೆ. ಇಂಗ್ಲೆಂಡಿನಲ್ಲಿ ಮನೆ ಬಾಡಿಗೆಗೆ ಕೊಡುವ ಮುಂಚೆ ಬರುವವರಿಗೆ ಆ ದೇಶದಲ್ಲಿ ಇರುವ ಹಕ್ಕಿದೆಯಾ ಅಂತ ಓನರ್ ನೋಡಲೇಬೇಕು. ರೈಟ್ ಟು ರೆಂಟ್ ಅಂತಾರೆ, ನೋಡದಿದ್ದರೆ ಓನರಿಗೇ ದಂಡ. ನಿನ್ನ ವೀಸಾ ಬಗ್ಗೆ ಒಂದು ಮಾತೂ ಕೇಳದೆ ದುಡ್ಡು ಮಾತ್ರ ಕೇಳುತ್ತಿದ್ದಾನೆ ಅಂದರೆ ಅವನು ಆ ಮನೆಯ ಓನರ್ ಅಲ್ಲ. ಆ ಫೋಟೋಗಳು ಇನ್ಯಾರದೋ ಮನೆಯವು.

ನಮ್ಮ ಬೆಂಗಳೂರಲ್ಲಿ ಹೇಗೆ ಮನೆ ನೋಡ್ತೀವಿ? ಟು-ಲೆಟ್ ಬೋರ್ಡ್ ನೋಡಿ, ಗೇಟ್ ತಟ್ಟಿ, ಮೂರನೇ ಮಹಡಿ ಹತ್ತಿ, ನಲ್ಲಿ ತಿರುಗಿಸಿ, ಕಾವೇರಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತೆ ಅಂತ ಕೇಳಿ, ಕೆಳಗಿಳಿದು ಎದುರುಮನೆ ಆಂಟಿ ಹತ್ತಿರ ಓನರ್ ಹೇಗೆ ಅಂತ ವಿಚಾರಿಸಿ, ಆಮೇಲೆ ಅಲ್ವಾ ಟೋಕನ್ ಅಡ್ವಾನ್ಸ್ ಕೊಡೋದು? ಬನಶಂಕರಿಯಲ್ಲಿ ಇಷ್ಟು ನೋಡುವವಳು ಲಂಡನ್ ಅಂದ ತಕ್ಷಣ ಯಾಕೆ ನೋಡಬಾರದು.

ನಾನೂ ಒಂದು ಸಲ ನೋಡದೆ ಕೊಟ್ಟವಳೇ, ಅದಕ್ಕೇ ಇಷ್ಟು ಜೋರಾಗಿ ಹೇಳ್ತಿರೋದು. ಹೋಗಿ ನಾಲ್ಕನೇ ದಿನ. ಹಾಸ್ಟೆಲ್‌ನಲ್ಲಿ ಮಲಗಿಕೊಂಡು ಫೋನಿನಲ್ಲಿ ರೂಮ್ ಹುಡುಕುತ್ತಿದ್ದೆ. ಒಬ್ಬ ಏಜೆಂಟ್ ಅಂತ ಹೇಳಿಕೊಂಡವನು ನಾಳೆ ಇನ್ನಿಬ್ಬರು ನೋಡೋಕೆ ಬರ್ತಿದ್ದಾರೆ, 200 ಪೌಂಡ್ ಹಾಕಿದರೆ ನಿಮಗೇ ಇಡ್ತೀನಿ ಅಂದ. ಹಾಕಿದೆ. ಮಾರನೇ ದಿನ ಎರಡು ಸೂಟ್‌ಕೇಸ್ ಎಳೆದುಕೊಂಡು ಮಳೆಯಲ್ಲಿ ಆ ವಿಳಾಸಕ್ಕೆ ಹೋಗಿ ಬೆಲ್ ಮಾಡಿದರೆ ಎಂಬತ್ತರ ಹತ್ತಿರದ ಒಬ್ಬ ಅಜ್ಜಿ ಬಾಗಿಲು ತೆಗೆದರು. ಅದು ಅವರ ಸ್ವಂತ ಮನೆ, ಬಾಡಿಗೆಗೆ ಇಲ್ಲವೇ ಇಲ್ಲ. ಆ ತಿಂಗಳಲ್ಲಿ ಹಾಗೆ ಬಂದವರಲ್ಲಿ ನಾನು ಮೂರನೆಯವಳಂತೆ. ಪಾಪ, ಒಳಗೆ ಕೂರಿಸಿ ಟೀ ಕೊಟ್ಟರು. 200 ಪೌಂಡ್ ಹೋದ ವಿಷಯ ನಮ್ಮಪ್ಪನಿಗೆ ಇವತ್ತಿನವರೆಗೂ ಹೇಳಿಲ್ಲ. ಇದನ್ನು ಓದಿದರೆ ಗೊತ್ತಾಗುತ್ತೆ, ಆಗಲಿ ಬಿಡಿ.

ಈಗ ನಿಮ್ಮಪ್ಪನ ಷರತ್ತಿಗೆ ಬರೋಣ. ಅವರು ಕೇಳ್ತಿರೋದು ತಪ್ಪಲ್ಲ. ಮಗಳು ವಿಮಾನ ಇಳಿದ ರಾತ್ರಿ ಎಲ್ಲಿ ಮಲಗುತ್ತಾಳೆ ಅನ್ನೋದೇ ಅವರ ಚಿಂತೆ. ಅದಕ್ಕೆ ವರ್ಷದ ಮನೆ ಬೇಕಿಲ್ಲ, ಎರಡು ಅಥವಾ ಮೂರು ವಾರದ ಹಾಸಿಗೆ ಸಾಕು. ಹುಡುಗಿಯರಿಗೇ ಬೇರೆ ಡಾರ್ಮ್ ಇರುವ ಹಾಸ್ಟೆಲ್ ಒಂದನ್ನ, ಕ್ಯಾನ್ಸಲ್ ಮಾಡಿದರೆ ದುಡ್ಡು ವಾಪಸ್ ಬರುವ ಹಾಗೆ ಬುಕ್ ಮಾಡು. ಅದರ ಪ್ರಿಂಟ್ ತೆಗೆದು ಅಪ್ಪನ ಕೈಗೆ ಕೊಡು. ಅಪ್ಪಂದಿರಿಗೆ ಪ್ರಿಂಟ್ ಕಂಡರೆ ನಂಬಿಕೆ ಜಾಸ್ತಿ. ಕನ್ನಡ ಬಳಗ ಯುಕೆ ಅಂತ ಒಂದು ಸಂಘ 1983ರಿಂದ ಇದೆ, ಅವರನ್ನೂ ಹೊರಡುವ ಮುಂಚೆಯೇ ಸಂಪರ್ಕ ಮಾಡಿಕೋ. ಯಾರೋ ಬಂದು ಮನೆ ಕೊಡಿಸ್ತಾರೆ ಅಂತಲ್ಲ. ಈ ಏರಿಯಾ ಹೇಗೆ ಅಂತ ಕನ್ನಡದಲ್ಲಿ ಕೇಳೋಕೆ ಒಬ್ಬರಿದ್ದರೆ ಎಷ್ಟೋ ಸಮಾಧಾನ.

ಆಮೇಲೆ ಲಂಡನ್ನೇ ಆಗಬೇಕಾ ಅಂತ ಒಂದು ಸಲ ಯೋಚನೆ ಮಾಡು. ಲೆಕ್ಕ ನಿನ್ನ ಕೆಲಸ, ಆದರೂ ನಾನೇ ಹಾಕಿ ತೋರಿಸ್ತೀನಿ. ಬ್ರಿಟನ್ನಿನಲ್ಲಿ 21 ದಾಟಿದವರಿಗೆ ಕನಿಷ್ಠ ಕೂಲಿ 2026ರ ಏಪ್ರಿಲ್‌ನಿಂದ ಗಂಟೆಗೆ 12.71 ಪೌಂಡ್. ವಾರಕ್ಕೆ 37.5 ಗಂಟೆ ದುಡಿದರೆ ಟ್ಯಾಕ್ಸ್, ನ್ಯಾಷನಲ್ ಇನ್ಶೂರೆನ್ಸ್ ಎಲ್ಲ ಕಳೆದು ತಿಂಗಳಿಗೆ ಸುಮಾರು 1,780 ಪೌಂಡ್ ಕೈಗೆ ಬರುತ್ತೆ. ಇದರಲ್ಲಿ ರೂಮಿಗೇ ಅರ್ಧ ಕೊಟ್ಟರೆ ಉಳಿದದ್ದರಲ್ಲಿ ಟ್ಯೂಬ್ ರೈಲು, ಊಟ, ಚಳಿಗೆ ಒಂದು ಕೋಟು. ನಾನು ಮ್ಯಾಂಚೆಸ್ಟರಿನಲ್ಲಿ ಕರೆಂಟು, ಗ್ಯಾಸು, ವೈಫೈ ಎಲ್ಲ ಸೇರಿ 520 ಕೊಡುತ್ತಿದ್ದೆ. ಲಂಡನ್ ನೋಡಬೇಕಾದರೆ ಬಸ್ಸಿನಲ್ಲಿ ಹೋಗಿ ಥೇಮ್ಸ್ ದಡದಲ್ಲಿ ಬಸವಣ್ಣನವರ ಪ್ರತಿಮೆ ಮುಂದೆ ನಿಂತು ಫೋಟೋ ಹೊಡೆಸಿಕೊಂಡು ರಾತ್ರಿಯೊಳಗೆ ವಾಪಸ್ ಬರಬಹುದು.

ಇನ್ನೊಂದು ಲೆಕ್ಕ ಬಹಳ ಜನ ತಪ್ಪುತ್ತಾರೆ. ಅಲ್ಲಿ ಕೆಲವು ಜಾಹೀರಾತಿನಲ್ಲಿ ಬಾಡಿಗೆ ವಾರದ ಲೆಕ್ಕದಲ್ಲಿರುತ್ತೆ. ವಾರಕ್ಕೆ 150 ಅಂದರೆ ನಾವು ನಾಲ್ಕರಿಂದ ಗುಣಿಸಿ 600 ಅಂದುಕೊಳ್ತೀವಿ. ಅಲ್ಲ. 52 ವಾರದಿಂದ ಗುಣಿಸಿ 12 ತಿಂಗಳಿಗೆ ಹಂಚಬೇಕು, 650 ಆಗುತ್ತೆ. ವರ್ಷಕ್ಕೆ 600 ಪೌಂಡ್ ವ್ಯತ್ಯಾಸ.

ಹೋದಮೇಲೆ ಸ್ಪೇರ್‌ರೂಮ್ ಥರದ ಸೈಟಿನಲ್ಲಿ ಹಂಚಿಕೊಳ್ಳುವ ಮನೆಗಳನ್ನ ಹುಡುಕು. ದಿನಕ್ಕೆ ಎರಡು ಮೂರು ನೋಡು, ಸಂಜೆ ಹೊತ್ತು ನೋಡು, ಯಾಕಂದರೆ ಆಗಲೇ ಆ ಮನೆಯಲ್ಲಿರುವವರು ಸಿಗೋದು. ಇಲ್ಲಿ ನಲ್ಲಿ ತಿರುಗಿಸಿದ ಹಾಗೆ ಅಲ್ಲಿ ಕಿಟಕಿ ಕೆಳಗಿರುವ ರೇಡಿಯೇಟರ್ ಮೇಲೆ ಕೈ ಇಡು, ಬಿಸಿ ಇದೆಯಾ ನೋಡು. ಬೀರು ಬಾಗಿಲು ತೆಗೆದು ಮೂಸು. ಬೂಸ್ಟು ಹಿಡಿದ ವಾಸನೆ ಬಂದರೆ ಬೀರು ಹಿಂದಿನ ಗೋಡೆ ಕಪ್ಪಾಗಿರುತ್ತೆ, ನವೆಂಬರಿನಲ್ಲಿ ನಿನ್ನ ಬಟ್ಟೆಯೂ ಕಪ್ಪಾಗುತ್ತೆ. ಫ್ರಿಜ್ಜಿನಲ್ಲಿ ನಿನ್ನ ಪಾಲಿಗೆ ಯಾವ ಶೆಲ್ಫ್ ಅಂತ ಕೇಳು. ಇದು ನಗುವ ವಿಷಯ ಅಲ್ಲ, ನಾನು ಒಂದು ಮೊಸರಿನ ಡಬ್ಬಿ ವಿಷಯಕ್ಕೆ ಎರಡು ವಾರ ಒಬ್ಬರ ಜೊತೆ ಮಾತು ಬಿಟ್ಟಿದ್ದೆ.

ದುಡ್ಡಿನ ವಿಷಯಕ್ಕೆ ಬಂದರೆ ಇಂಗ್ಲೆಂಡಿನ ಕಾನೂನು ಬಾಡಿಗೆದಾರರ ಕಡೆ ಇದೆ. ಹತ್ತು ತಿಂಗಳ ಅಡ್ವಾನ್ಸ್ ಕೇಳಿ ಬೆಳೆದ ನಮಗೆ ಇದನ್ನ ನಂಬೋಕೇ ಕಷ್ಟ. ವರ್ಷದ ಬಾಡಿಗೆ 50,000 ಪೌಂಡ್ ಒಳಗಿದ್ದರೆ ಡೆಪಾಸಿಟ್ ಐದು ವಾರದ ಬಾಡಿಗೆ ದಾಟುವಂತಿಲ್ಲ. ರೂಮ್ ಹಿಡಿದಿಡೋಕೆ ಕೊಡುವ ಹೋಲ್ಡಿಂಗ್ ಡೆಪಾಸಿಟ್ ಒಂದು ವಾರದ್ದು ಮಾತ್ರ. ಡೆಪಾಸಿಟ್ ತಗೊಂಡ 30 ದಿನದೊಳಗೆ ಸರ್ಕಾರ ಒಪ್ಪಿದ ಸ್ಕೀಮಿನಲ್ಲಿ ಅದನ್ನ ಇಟ್ಟು ನಿನಗೆ ಕಾಗದ ಕೊಡಬೇಕು. ಮೊದಲೆಲ್ಲ ಅಲ್ಲಿ ಗ್ಯಾರಂಟರ್, ಅಂದರೆ ಬಾಡಿಗೆಗೆ ಜಾಮೀನು ನಿಲ್ಲುವವರು, ಇಲ್ಲದ ನಮ್ಮಂಥವರ ಹತ್ತಿರ ಆರು ತಿಂಗಳ ಬಾಡಿಗೆ ಮುಂಚೆಯೇ ಕೇಳುತ್ತಿದ್ದರು. 2026ರ ಮೇ 1ರಿಂದ ಜಾರಿಯ ಹೊಸ ಕಾನೂನಿನಲ್ಲಿ ಒಂದು ತಿಂಗಳಿಗಿಂತ ಜಾಸ್ತಿ ಮುಂಗಡ ಬಾಡಿಗೆ ಕೇಳುವಂತಿಲ್ಲ. ಕೇಳೋಕೆ ಚೆನ್ನಾಗಿದೆ. ಆದರೆ ಮುಂಗಡವೂ ಇಲ್ಲ, ಗ್ಯಾರಂಟರೂ ಇಲ್ಲ ಅಂದರೆ ಕೆಲವು ಓನರ್‌ಗಳು ನಮ್ಮನ್ನ ಬಿಟ್ಟು ಬೇರೆಯವರಿಗೆ ಕೊಡ್ತಾರೆ, ಅದೂ ನಿಜ. ಹಾಗಾಗಿ ಮೊದಲ ಮನೆಗೆ ಪೂರ್ತಿ ಫ್ಲ್ಯಾಟ್ ಆಸೆ ಬಿಡು. ಓನರ್ ತಾನೂ ಅದೇ ಮನೆಯಲ್ಲಿದ್ದು ಒಂದು ರೂಮ್ ಕೊಡುವ ಪದ್ಧತಿ ಇದೆ, ಲಾಡ್ಜರ್ ಅಂತಾರೆ. ಅದು ಬೇಗ ಸಿಗುತ್ತೆ. ಆದರೆ ನಾನು ಮೇಲೆ ಹೇಳಿದ ಡೆಪಾಸಿಟ್ ಸ್ಕೀಮಿನ ರಕ್ಷಣೆ ಲಾಡ್ಜರ್‌ಗೆ ಇಲ್ಲ, ಅದಕ್ಕೆ ಕೊಟ್ಟ ದುಡ್ಡಿಗೆಲ್ಲ ರಸೀದಿ ಬರೆಸಿಕೋ.

ಮನೆ ಕಂದಾಯದ ವಿಷಯ ಮರೆಯೋ ಮುಂಚೆ ಹೇಳಿಬಿಡ್ತೀನಿ. ಬೆಂಗಳೂರಲ್ಲಿ ಕಂದಾಯ ಓನರ್ ಕಟ್ಟುತ್ತಾರೆ. ಅಲ್ಲಿ ಕೌನ್ಸಿಲ್ ಟ್ಯಾಕ್ಸ್ ಸಾಮಾನ್ಯವಾಗಿ ಮನೆಯಲ್ಲಿ ಇರುವವರದ್ದು. ಫುಲ್ ಟೈಮ್ ಓದುವವರಿಗೆ ವಿನಾಯಿತಿ ಇದೆ, ದುಡಿಯೋಕೆ ಹೋದ ನಿನಗಿಲ್ಲ. ರೂಮ್ ನೋಡುವಾಗಲೇ ಬಾಡಿಗೆಯಲ್ಲಿ ಕೌನ್ಸಿಲ್ ಟ್ಯಾಕ್ಸ್ ಸೇರಿದೆಯಾ ಅಂತ ಕೇಳು.

ವೀಸಾ ಕಡೆ ಸ್ವಲ್ಪ. ಹೆಸರು ಬಂದ ಮೇಲೆ ಅರ್ಜಿ ಹಾಕೋಕೆ 90 ದಿನ ಇರುತ್ತೆ. ಖಾತೆಯಲ್ಲಿ 2,530 ಪೌಂಡ್ 28 ದಿನ ಕದಲದೆ ಇರಬೇಕು. ಟಿಬಿ ಪರೀಕ್ಷೆಯ ಸರ್ಟಿಫಿಕೇಟ್ ಬೇಕು, ಅವರು ಒಪ್ಪಿದ ಕ್ಲಿನಿಕ್‌ನಲ್ಲೇ ಮಾಡಿಸಬೇಕು. ವೀಸಾ ಫೀಸಿನ ಜೊತೆ ಅಲ್ಲಿನ ಸರ್ಕಾರಿ ಆಸ್ಪತ್ರೆ ಸೇವೆಗೆ ಅಂತ ಎರಡು ವರ್ಷದ ಹೆಲ್ತ್ ಸರ್‌ಚಾರ್ಜ್ 1,552 ಪೌಂಡ್ ಒಂದೇ ಸಲಕ್ಕೆ ಕಟ್ಟಬೇಕು, ಬಹಳ ಮನೆಗಳಲ್ಲಿ ಬಜೆಟ್ ಕೆಡುವುದು ಇಲ್ಲೇ. ಆ 2,530ನ್ನ ವೀಸಾ ಅಧಿಕಾರಿಗೆ ತೋರಿಸೋ ದುಡ್ಡು ಅಂತ ಸಾಲ ಮಾಡಿ ಇಟ್ಟು ಆಮೇಲೆ ತೆಗೆಯುವವರಿದ್ದಾರೆ. ಹಾಗೆ ಮಾಡಬೇಡ. ಹಾಸ್ಟೆಲ್ಲು, ಐದು ವಾರದ ಡೆಪಾಸಿಟ್ಟು, ಮೊದಲ ತಿಂಗಳ ಬಾಡಿಗೆ, ಮೊದಲ ಸಂಬಳದವರೆಗಿನ ಊಟ, ಎಲ್ಲ ಅದರಲ್ಲೇ ಆಗಬೇಕು. ಆಗುತ್ತೆ ಕೂಡ, ಸರಿಯಾಗಿ.

ನಾನು ಹೋದಾಗ ಕಾರ್ಡ್ ಕೊಡುತ್ತಿದ್ದರು, ಈಗ ಎಲ್ಲ ಇ-ವೀಸಾ. ನಿನಗೆ ಅಲ್ಲಿರುವ ಹಕ್ಕಿದೆ ಅಂತ ತೋರಿಸೋಕೆ ಆನ್‌ಲೈನ್ ಖಾತೆಯಿಂದ ಶೇರ್ ಕೋಡ್ ತೆಗೆದು ಓನರಿಗೆ, ಕೆಲಸ ಕೊಡುವವರಿಗೆ ಕೊಡಬೇಕು. ಮನೆಗೆ ಕೊಡುವ ಕೋಡ್ ಆರ್ ಅಕ್ಷರದಿಂದ ಶುರುವಾಗುತ್ತೆ, ಕೆಲಸಕ್ಕೆ ಕೊಡೋದು ಡಬ್ಲ್ಯೂನಿಂದ. ಒಂದರ ಬದಲು ಇನ್ನೊಂದು ಕೊಟ್ಟರೆ ನಡೆಯೋದಿಲ್ಲ. ಕೋಡ್ 90 ದಿನ ಇರುತ್ತೆ, ಮುಗಿದರೆ ಹೊಸದು ತೆಗೆದುಕೋ. ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಬರುವ ಮುಂಚೆಯೇ ಕೆಲಸ ಶುರು ಮಾಡಬಹುದು, ಅದಕ್ಕೆ ಕಾಯುತ್ತಾ ಕೂರಬೇಡ. ಮತ್ತೆ, ಆಡಿಟರ್ ಆಫೀಸಿನ ಅನುಭವ ಇರುವವಳು ಕೆಫೆಯಲ್ಲೇ ಎರಡು ವರ್ಷ ಕಳೆಯಬೇಕಿಲ್ಲ. ಈ ವೀಸಾದಲ್ಲಿ ಯಾವ ಕಂಪನಿಯ ಸ್ಪಾನ್ಸರ್‌ಶಿಪ್ಪೂ ಬೇಡ ಅನ್ನೋದನ್ನ ಅರ್ಜಿಯ ಮೊದಲ ಸಾಲಿನಲ್ಲೇ ಬರೆ.

ಪ್ರಶ್ನೆ: ಮೇಡಂ, ನನಗೆ 19. ಪಿಯುಸಿ ಆಯ್ತು, ಸಿಇಟಿ ರ‍್ಯಾಂಕ್ ಸರಿಯಾಗಿ ಬರಲಿಲ್ಲ. ಒಂದು ವರ್ಷ ಗ್ಯಾಪ್ ತಗೊಂಡು ಯುರೋಪ್ ಕಡೆ ಹೋಗೋಣ ಅಂತ. ನಮ್ಮ ಏರಿಯಾದ ಒಬ್ಬರು ಎರಡೂವರೆ ಲಕ್ಷ ಕೊಟ್ಟರೆ ಟೂರಿಸ್ಟ್ ವೀಸಾ ಮಾಡಿಸಿ, ಅಲ್ಲಿ ತೋಟದ ಕೆಲಸ ಮತ್ತು ಉಳಿಯೋ ಜಾಗ ಎರಡೂ ಕೊಡಿಸ್ತಾರಂತೆ. ಅಮ್ಮ ಚಿನ್ನ ಅಡ ಇಡೋಕೂ ರೆಡಿ.
– ಓದುಗ, ಕೆಂಗೇರಿ

ಅಮ್ಮನ ಚಿನ್ನ ಬೀರುವಿನಲ್ಲೇ ಇರಲಿ ತಮ್ಮಾ.

ಟೂರಿಸ್ಟ್ ವೀಸಾದಲ್ಲಿ ಕೂಲಿಗೆ ದುಡಿಯುವಂತಿಲ್ಲ. ಸಿಕ್ಕಿಬಿದ್ದರೆ ವಾಪಸ್ ಕಳಿಸ್ತಾರೆ, ಮುಂದೆ ಓದೋಕೆ ಅಂತ ವೀಸಾ ಕೇಳಿದಾಗಲೂ ಇದು ಅಡ್ಡ ಬರುತ್ತೆ. ಅರ್ಜಿಯಲ್ಲಿ ಸುಳ್ಳು ದಾಖಲೆ ಕೊಟ್ಟಿದ್ದು ಗೊತ್ತಾದರೆ ಬ್ರಿಟನ್ನಿನಂಥ ದೇಶ ಹತ್ತು ವರ್ಷ ಒಳಗೆ ಬಿಟ್ಟುಕೊಳ್ಳೋದಿಲ್ಲ. ಕೆಲಸ ಕೊಟ್ಟವನೇ ಮನೆಯನ್ನೂ ಕೊಡ್ತಾನೆ ಅನ್ನೋದು ಕೇಳೋಕೆ ಸುಖ. ಆದರೆ ಕಾಗದವೇ ಇಲ್ಲದ ಹುಡುಗ ಸಂಬಳ ಕೇಳಿದರೆ ಅದೇ ಸಂಜೆ ಹಾಸಿಗೆಯೂ ಹೋಗುತ್ತೆ. ಯಾರ ಹತ್ತಿರ ದೂರು ಕೊಡ್ತೀಯ?

ಇನ್ನು ಆ ಏರಿಯಾದ ಮಹಾನುಭಾವರು. ಹೊರದೇಶದ ಕೆಲಸಕ್ಕೆ ಜನ ಕಳಿಸುವ ಏಜೆಂಟ್ ನಮ್ಮ ವಿದೇಶಾಂಗ ಇಲಾಖೆಯಲ್ಲಿ ನೋಂದಾಯಿಸಿಕೊಂಡಿರಬೇಕು, ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಹೆಸರು ಹಾಕಿ ನೋಡಬಹುದು. ನೋಂದಾಯಿತ ಏಜೆಂಟ್ ಕೂಡ ತಗೋಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ, ಅಷ್ಟೇ. ಎರಡೂವರೆ ಲಕ್ಷ ಎಲ್ಲಿಂದ ಬಂತು ಅಂತ ಕೇಳು. ಉತ್ತರಕ್ಕೆ ಬದಲು ಕೋಪ ಬಂದರೆ ನಿನಗೆ ಉತ್ತರ ಸಿಕ್ಕಿತು ಅಂತಲೇ ಲೆಕ್ಕ.

ಪಿಯುಸಿ ಮೇಲೆ ಸರಿಯಾದ ದಾರಿ ಕಡಿಮೆ, ಅದನ್ನ ಮುಚ್ಚಿಡೋದಿಲ್ಲ. ಬ್ರಿಟನ್ ಲಾಟರಿಗೆ ಡಿಗ್ರಿ ಬೇಕು. ಒಂದು ವರ್ಷ ಸುತ್ತಾಡುತ್ತಾ ದುಡಿಯಬಹುದಾದ ಆಸ್ಟ್ರೇಲಿಯಾದ ವರ್ಕ್ ಅಂಡ್ ಹಾಲಿಡೇ ವೀಸಾಗೆ ಪಿಯುಸಿ ನಂತರ ಎರಡು ವರ್ಷವಾದರೂ ಓದಿರಬೇಕು. ನಿನ್ನ ವಯಸ್ಸಿಗೆ ತೆರೆದಿರುವ ಒಂದು ಬಾಗಿಲು ಜರ್ಮನಿಯ ಓ ಪೇರ್. 18ರಿಂದ 26 ವರ್ಷದೊಳಗಿನವರು ಒಂದು ಜರ್ಮನ್ ಕುಟುಂಬದ ಜೊತೆ ಗರಿಷ್ಠ ಒಂದು ವರ್ಷ ಇದ್ದು ಅವರ ಮಕ್ಕಳನ್ನ ನೋಡಿಕೊಳ್ಳೋದು. ವಾರಕ್ಕೆ 30 ಗಂಟೆಗಿಂತ ಜಾಸ್ತಿ ಕೆಲಸ ಇಲ್ಲ. ಊಟ, ಸ್ವಂತ ರೂಮ್, ಕೈಖರ್ಚಿಗೆ ತಿಂಗಳಿಗೆ 280 ಯೂರೋ ಕುಟುಂಬದ್ದು. ದುಡ್ಡು ಉಳಿಯುತ್ತೆ ಅಂತ ಹೋಗಬೇಡ, ಉಳಿಯೋದಿಲ್ಲ. ಆದರೆ ಮನೆ ಹುಡುಕೋ ತಲೆನೋವು ಇಲ್ಲದ ದಾರಿ ಇದೊಂದೇ. ಹುಡುಗರೂ ಹೋಗಬಹುದು, ನಾಚಿಕೆ ಪಡಬೇಡ. ಜರ್ಮನ್ ಭಾಷೆಯ ಮೊದಲ ಹಂತ, ಅಂದರೆ ಎ1, ಬೇಕೇ ಬೇಕು. ಅದಕ್ಕೆ ಇಂದಿರಾನಗರದ ಸಿಎಂಎಚ್ ರೋಡಿನ ಮ್ಯಾಕ್ಸ್ ಮುಲ್ಲರ್ ಭವನ ಇದೆ. ಕೆಂಗೇರಿಯಿಂದ ನೇರಳೆ ಮೆಟ್ರೋ ಹತ್ತಿದರೆ ಇಂದಿರಾನಗರದಲ್ಲಿ ಇಳಿಯೋದು, ಬದಲಾಯಿಸೋದೂ ಬೇಡ. ಮೊದಲು ಆರು ತಿಂಗಳು ಆ ಮೆಟ್ರೋದಲ್ಲಿ ಓಡಾಡು ನೋಡೋಣ.

ಪ್ರಶ್ನೆ: ನನ್ನ ಮಗನಿಗೆ 24 ವರ್ಷ. ಆಸ್ಟ್ರೇಲಿಯಾದ ವರ್ಕ್ ಅಂಡ್ ಹಾಲಿಡೇ ವೀಸಾ ಬಂದಿದೆ, ಸಿಡ್ನಿಗೆ ಹೋಗುತ್ತಾನಂತೆ. ನಾವು ಶುದ್ಧ ಸಸ್ಯಾಹಾರಿಗಳು. ಅಲ್ಲಿ ಕನ್ನಡದವರ ಮನೆಯಲ್ಲಿ ಪೇಯಿಂಗ್ ಗೆಸ್ಟ್ ಥರ ಇರುವ ವ್ಯವಸ್ಥೆ ಇದೆಯೇ? ಹಾಗೆಯೇ, ಅವನ ಕೈಯಲ್ಲಿ ಎಷ್ಟು ದುಡ್ಡು ಕೊಟ್ಟು ಕಳಿಸಬೇಕು?
– ಒಬ್ಬ ತಂದೆ, ಮಲ್ಲೇಶ್ವರಂ

ಮೊದಲು ಅಭಿನಂದನೆ ಸಾರ್. ಭಾರತಕ್ಕೆ ವರ್ಷಕ್ಕೆ ಬರೀ 1,000 ಜಾಗ, ಅದೂ ಲಾಟರಿ. ನಿಮ್ಮ ಮಗನ ಅದೃಷ್ಟ ದೊಡ್ಡದು.

ಇಲ್ಲಿನ ಪಿಜಿ ಥರ, ಬೆಳಗ್ಗೆ ಉಪ್ಪಿಟ್ಟು ರಾತ್ರಿ ಅನ್ನ ಸಾರು ಹಾಕುವ ಜಾಗ ಅಲ್ಲಿ ಹುಡುಕಿದರೆ ನಿರಾಸೆ. ಅಲ್ಲಿರೋದು ಶೇರ್ ಹೌಸ್, ರೂಮ್ ಅವನದ್ದು, ಅಡುಗೆಮನೆ ಎಲ್ಲರದ್ದು. ಒಂದೇ ಒಲೆಯಲ್ಲಿ ಪಕ್ಕದವನು ಮಾಂಸ ಬೇಯಿಸುತ್ತಿರುತ್ತಾನೆ. ಇದನ್ನ ಈಗಲೇ ಮನೆಯಲ್ಲಿ ಕೂತು ಮಾತಾಡಿಕೊಳ್ಳಿ. ಒಂದು ಬಾಣಲೆ, ಒಂದು ಕುಕ್ಕರ್, ಒಂದು ಸೌಟು ತನ್ನದೇ ಅಂತ ಇಟ್ಟುಕೊಂಡರೆ ಸಾಕು ಅಂತ ಅವನಿಗೆ ಅನ್ನಿಸಿದರೆ ಆಯ್ಕೆ ಜಾಸ್ತಿ. ಪೂರ್ತಿ ವೆಜ್ ಮನೆಯೇ ಬೇಕು ಅಂದರೆ ಸಿಡ್ನಿಯ ಪಶ್ಚಿಮಕ್ಕೆ ಪ್ಯಾರಾಮಟ್ಟಾ ಪಕ್ಕ ಹ್ಯಾರಿಸ್ ಪಾರ್ಕ್ ಅಂತ ಇದೆ, ನಮ್ಮ ಅಂಗಡಿ ಹೋಟೆಲುಗಳೇ ತುಂಬಿರುವ ಜಾಗ. ಆ ಕಡೆ ಹುಡುಕಲಿ. ಸಿಡ್ನಿಯಲ್ಲಿ ಕನ್ನಡ ಸಂಘವೂ ಇದೆ. ಆದರೆ ಅಪ್ಪ ಇಲ್ಲಿಂದ ಫೋನ್ ಮಾಡಿ ಯಾರ ಮನೆಯಲ್ಲೋ ಇರಿಸೋದು ಬೇಡ ಸಾರ್, 24 ವರ್ಷದ ಮಗ ತಾನೇ ಮಾತಾಡಲಿ. ನಿಮಗೆ ಬೇಜಾರಾದರೆ ಕ್ಷಮಿಸಿ.

ಬಾಡಿಗೆ ಅಲ್ಲಿ ವಾರದ ಲೆಕ್ಕ. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಬಾಂಡ್, ಅಂದರೆ ನಮ್ಮ ಅಡ್ವಾನ್ಸ್, ನಾಲ್ಕು ವಾರದ ಬಾಡಿಗೆ ದಾಟುವಂತಿಲ್ಲ. ಅದು ಓನರ್ ಜೇಬಿನಲ್ಲಿ ಇರೋದೂ ಇಲ್ಲ, ಸರ್ಕಾರದ ಹತ್ತಿರ ಜಮೆ ಆಗುತ್ತೆ. ಬಿಡುವಾಗ ಪೇಂಟಿಂಗ್‌ಗೆ ಅಂತ ಸುಮ್ನೆ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳೋ ನಮ್ಮ ಪದ್ಧತಿ ಅಲ್ಲಿ ಇಲ್ಲ. ಒಂದೇ ಎಚ್ಚರಿಕೆ. ಶೇರ್ ಹೌಸ್‌ನಲ್ಲಿ ದುಡ್ಡು ತಗೊಳ್ಳೋದು ಎಷ್ಟೋ ಸಲ ಓನರ್ ಅಲ್ಲ, ಮನೆ ಹಿಡಿದಿರುವ ಇನ್ನೊಬ್ಬ ಬಾಡಿಗೆದಾರ. ಅವನು ಯಾರು, ಅವನಿಗೆ ರೂಮ್ ಕೊಡುವ ಅಧಿಕಾರ ಇದೆಯಾ ಅನ್ನೋದು ಬರಹದಲ್ಲಿ ಬೇಕು. ಪೂರ್ತಿ ಮನೆ ಹಿಡಿದರೆ ಸಾಮಾನ್ಯವಾಗಿ ಫ್ರಿಜ್ ಕೂಡ ಇರೋದಿಲ್ಲ, ಅದನ್ನೂ ತಿಳಿದಿರಲಿ.

ಈ ವೀಸಾಗೆ ಸುಮಾರು 5,000 ಆಸ್ಟ್ರೇಲಿಯನ್ ಡಾಲರ್ ಇರಬೇಕು ಅಂತ ಅಲ್ಲಿನ ಸರ್ಕಾರವೇ ಹೇಳುತ್ತೆ. ವಾಪಸ್ ಟಿಕೆಟ್ ದುಡ್ಡು ಬೇರೆ. ನನ್ನ ಪ್ರಕಾರ ಅಷ್ಟು ಕೊಡಿ, ಮತ್ತೆ ಕೊಡಬೇಡಿ. ಕೆಲಸ ಸಿಗುತ್ತೆ. ಅಲ್ಲಿ ಕನಿಷ್ಠ ಕೂಲಿ 2025ರ ಜುಲೈ 1ರಿಂದ ಗಂಟೆಗೆ 24.95 ಡಾಲರ್, ಕ್ಯಾಶುವಲ್, ಅಂದರೆ ಕಾಯಂ ಅಲ್ಲದ ಕೆಲಸಕ್ಕೆ ಅದರ ಮೇಲೆ ಶೇ 25 ಸೇರಿ 31ರ ಮೇಲಾಗುತ್ತೆ. ನಮ್ಮವರದ್ದೇ ಅಂಗಡಿ, ನಮ್ಮವರದ್ದೇ ಹೋಟೆಲ್ ಅಂತ 15 ಡಾಲರ್‌ಗೆ, ಕ್ಯಾಶ್‌ನಲ್ಲಿ, ದುಡಿಯೋಕೆ ಒಪ್ಪಬಾರದು. ಈ ಮಾತನ್ನ ಮಾತ್ರ ನೀವೇ ಅವನಿಗೆ ಹೇಳಿ. ಊರಿನವರು ಅನ್ನೋ ದಾಕ್ಷಿಣ್ಯಕ್ಕೆ ಹಾಳಾದ ಹುಡುಗರನ್ನ ನಾನು ಬ್ರಿಟನ್ನಿನಲ್ಲೂ ನೋಡಿದ್ದೇನೆ.

ಈ ವೀಸಾದಲ್ಲಿ ಒಬ್ಬರ ಹತ್ತಿರ ಸಾಮಾನ್ಯವಾಗಿ ಆರು ತಿಂಗಳು ಮಾತ್ರ ದುಡಿಯಬಹುದು, ಆಮೇಲೆ ಬದಲಾಯಿಸಬೇಕು. 45,000 ಡಾಲರ್‌ವರೆಗಿನ ದುಡಿಮೆಗೆ ಮೊದಲ ಡಾಲರ್‌ನಿಂದಲೇ ಶೇ 15 ಟ್ಯಾಕ್ಸ್. ಸೂಪರ್ ಅಂತ ನಮ್ಮ ಪಿಎಫ್ ಥರದ್ದೊಂದು ಮಾಲೀಕರು ಕಟ್ಟುತ್ತಾರೆ, ಈಗ ಶೇ 12. ವಾಪಸ್ ಬಂದ ಮೇಲೆ ಅದನ್ನ ಕೇಳಿ ತಗೋಬಹುದು, ಆದರೆ ಈ ವೀಸಾದವರಿಗೆ ಅದರಲ್ಲಿ ಶೇ 65 ಟ್ಯಾಕ್ಸ್ ಕಟ್ ಆಗುತ್ತೆ. ಓದಿ ಎದೆ ಹಿಡಿದುಕೊಳ್ಳಬೇಡಿ. ಉಳಿದ ಶೇ 35 ಅವನದ್ದೇ, ಸೋಮಾರಿತನಕ್ಕೆ ಅದನ್ನ ಅಲ್ಲೇ ಬಿಟ್ಟು ಬರೋದು ಬೇಡ.

ಎರಡನೇ ವರ್ಷವೂ ಇರೋ ಆಸೆ ಇದ್ದರೆ ಸಿಟಿ ಬಿಟ್ಟು ಅವರು ಹೇಳಿದ ಪ್ರದೇಶಗಳಲ್ಲಿ ತೋಟದಂಥ ಕೆಲಸ ಮೂರು ತಿಂಗಳು ಮಾಡಿರಬೇಕು. ಮಿಲ್ಡ್ಯೂರಾ, ಬಂಡಬರ್ಗ್ ಕಡೆ ಹಣ್ಣು ಕೀಳೋಕೆ ಹೋಗುತ್ತಾರಲ್ಲ, ಅಂಥದ್ದು. ಅಲ್ಲಿ ಕೆಲಸ ಕೊಡಿಸ್ತೀವಿ, ಹಾಸಿಗೆಯೂ ಕೊಡ್ತೀವಿ ಅನ್ನುವ ಹಾಸ್ಟೆಲ್‌ಗಳಿವೆ. ಮಳೆ ಬಂದು ಕೆಲಸ ಇಲ್ಲದ ವಾರವೂ ಹಾಸಿಗೆಯ ಬಾಡಿಗೆ ಮಾತ್ರ ನಿಲ್ಲೋದಿಲ್ಲ. ಒಂದೊಂದೇ ವಾರದ ದುಡ್ಡು ಕಟ್ಟಲಿ, ತಿಂಗಳದ್ದು ಒಟ್ಟಿಗೆ ಬೇಡ.

ಪ್ರಶ್ನೆ: ನನಗೆ 30 ವರ್ಷ 4 ತಿಂಗಳು. ತಡವಾಯ್ತಾ?
– ಓದುಗ, ಯಲಹಂಕ

ಇಲ್ಲ, ಆದರೆ ಓಡಬೇಕು. ಬ್ರಿಟನ್, ಆಸ್ಟ್ರೇಲಿಯಾ ಎರಡಕ್ಕೂ 18ರಿಂದ 30, ಅಂದರೆ 31ನೇ ಹುಟ್ಟುಹಬ್ಬ ಬರುವ ಮುಂಚೆ. ಬ್ರಿಟನ್ನಿನ ಲಾಟರಿ ಸಾಮಾನ್ಯವಾಗಿ ಫೆಬ್ರವರಿ ಮತ್ತು ಜುಲೈನಲ್ಲಿ, ಸುಮಾರು ಎರಡು ದಿನ ಮಾತ್ರ ತೆರೆದಿರುತ್ತೆ, ಹೆಸರು ಹಾಕೋಕೆ ದುಡ್ಡಿಲ್ಲ. ಹೋದಮೇಲೆ 31 ಆದರೆ ತೊಂದರೆ ಇಲ್ಲ, ವೀಸಾ ಮುಗಿಯುವವರೆಗೂ ಇರಬಹುದು. ಹೆಸರು ಹಾಕಿಕೊಡ್ತೀನಿ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ, ಪಾಸ್‌ಪೋರ್ಟ್ ಪುಟದ ಫೋಟೋ ಒಂದಿದ್ದರೆ ಹತ್ತು ನಿಮಿಷದ ಕೆಲಸ.

ಪ್ರಶ್ನೆ: ಒಂದು ವರ್ಷ ಗ್ಯಾಪ್ ಇದ್ದರೆ ಆಮೇಲೆ ಎಂಬಿಎ ಸೀಟ್ ಕೊಡಲ್ಲ ಅಂತ ಚಿಕ್ಕಪ್ಪ ಹೆದರಿಸ್ತಿದ್ದಾರೆ. ನಿಜವಾ?
– ಓದುಗಿ, ವಿಜಯನಗರ

ಚಿಕ್ಕಪ್ಪಂದಿರು ಹೆದರಿಸೋಕೇ ಇರೋದು. ಕಾಲೇಜಿನವರು ಗ್ಯಾಪ್ ಸರ್ಟಿಫಿಕೇಟ್ ಕೇಳಬಹುದು. ಅಂದರೆ ಸ್ಟಾಂಪ್ ಪೇಪರ್ ಮೇಲೆ, ಆ ವರ್ಷ ಬೇರೆ ಎಲ್ಲೂ ಸೇರಿರಲಿಲ್ಲ, ಇಂಥ ಕೆಲಸದಲ್ಲಿದ್ದೆ ಅಂತ ಬರೆದು ನೋಟರಿ ಹತ್ತಿರ ಸೀಲ್ ಹಾಕಿಸೋದು. ಕೋರ್ಟ್ ಮುಂದಿನ ಟೈಪಿಂಗ್ ಅಂಗಡಿಯವರಿಗೆ ಕೇಳಿದರೆ ಬಾಯಿಪಾಠ ಇರುತ್ತೆ. ಅಲ್ಲಿನ ಸಂಬಳದ ಸ್ಲಿಪ್‌ಗಳು, ಮಾಲೀಕರಿಂದ ಒಂದು ಕಾಗದ, ಇವೆರಡನ್ನೂ ಬಿಡುವ ದಿನವೇ ತಗೊಂಡು ಬಾ. ವಾಪಸ್ ಬಂದಮೇಲೆ ಮೇಲ್ ಮಾಡಿ ಕೇಳಿದರೆ ಯಾರೂ ಉತ್ತರ ಬರೆಯೋದಿಲ್ಲ.

ಪ್ರಶ್ನೆ: ನಾವಿಬ್ಬರು ಗೆಳತಿಯರು ಮಾರತ್ತಹಳ್ಳಿಯಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಎರಡು ಲಕ್ಷ ಅಡ್ವಾನ್ಸ್ ಕೊಟ್ಟಿದ್ದೇವೆ. ನಾನು ಒಂದು ವರ್ಷ ಹೊರಗೆ ಹೋಗುತ್ತಿದ್ದೇನೆ. ನನ್ನ ಜಾಗಕ್ಕೆ ಬೇರೆ ಯಾರನ್ನಾದರೂ ಇಟ್ಟು ಮನೆ ಉಳಿಸಿಕೊಳ್ಳಲಾ, ಬಿಟ್ಟುಬಿಡಲಾ?
– ಓದುಗಿ, ಮಾರತ್ತಹಳ್ಳಿ

ಈ ಪ್ರಶ್ನೆ ಯಾರೂ ಕೇಳಿರಲಿಲ್ಲ, ನೀವು ಕೇಳಿದ್ದು ಖುಷಿ ಆಯ್ತು.

ಓನರಿಗೆ ಹೇಳದೆ ಬೇರೆಯವರನ್ನ ಇಡಬೇಡಿ. ನಿಮ್ಮ 11 ತಿಂಗಳ ಅಗ್ರಿಮೆಂಟ್ ತೆಗೆದು ಓದಿ, ಒಳಬಾಡಿಗೆ ಕೊಡಬಾರದು ಅನ್ನೋ ಸಾಲು ಅದರಲ್ಲಿ ಇದ್ದೇ ಇರುತ್ತೆ. ಓನರ್ ಒಪ್ಪಿದರೆ ಹೊಸ ಹುಡುಗಿಯ ಹೆಸರಿನಲ್ಲಿ ಹೊಸ ಅಗ್ರಿಮೆಂಟ್ ಆಗಲಿ, ಅವಳು ತನ್ನ ಪಾಲಿನ ಒಂದು ಲಕ್ಷ ಓನರಿಗೆ ಕೊಡಲಿ, ಓನರ್ ನಿಮ್ಮದು ನಿಮಗೆ ಕೊಡಲಿ. ಅವಳು ನೇರ ನಿಮಗೇ ಕೊಟ್ಟರೆ ಕೆಲಸ ಸುಲಭ, ಆದರೆ ಮುಂದಿನ ವರ್ಷ ಜಗಳ ಬಂದಾಗ ನೀವು ಫೋನ್‌ಗೆ ಸಿಗೋ ದೂರದಲ್ಲಿ ಇರೋದಿಲ್ಲ.

ನನ್ನನ್ನ ಕೇಳಿದರೆ ಬಿಟ್ಟುಬಿಡಿ. ನಿಮ್ಮ ಪಾಲಿನ ಆ ಒಂದು ಲಕ್ಷವೇ ಅಲ್ಲಿನ ಡೆಪಾಸಿಟ್‌ಗೆ ಆಗುತ್ತೆ. ಹೊರಡುವ ಎರಡು ತಿಂಗಳ ಮುಂಚೆ ವಾಟ್ಸಾಪ್‌ನಲ್ಲಿ ನೋಟಿಸ್ ಕಳಿಸಿ, ಬಾಯಿಮಾತಲ್ಲಿ ಹೇಳಿ ಬಿಡಬೇಡಿ. ಖಾಲಿ ಮಾಡುವ ದಿನ ಪ್ರತಿ ಗೋಡೆಯ, ಬಾತ್‌ರೂಮ್ ನಲ್ಲಿಗಳ ವಿಡಿಯೋ ಮಾಡಿ. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಮುರಿಯುತ್ತಾರೆ ಅಂತ ಲೆಕ್ಕದಲ್ಲಿ ಈಗಲೇ ಕಳೆದುಬಿಡಿ. ಉಳಿದದ್ದು ಕೀ ಕೊಡುವ ಹೊತ್ತಿಗೆ ಖಾತೆಗೆ ಬರಬೇಕು. ಮುಂದಿನ ವಾರ ಹಾಕ್ತೀನಿ ಅನ್ನುವ ಓನರಿಗೆ ಕೀ ಕೊಟ್ಟು ವಿಮಾನ ಹತ್ತಿದರೆ ಆ ಮುಂದಿನ ವಾರ ಬರೋದೇ ಇಲ್ಲ. ಗ್ಯಾಸ್ ಕನೆಕ್ಷನ್ ನಿಮ್ಮ ಹೆಸರಲ್ಲಿದ್ದರೆ ಸಿಲಿಂಡರ್, ರೆಗ್ಯುಲೇಟರ್ ಏಜೆನ್ಸಿಗೆ ಕೊಟ್ಟು ಸರೆಂಡರ್ ಮಾಡಿ, ಅದರ ಡೆಪಾಸಿಟ್ಟೂ ವಾಪಸ್ ಬರುತ್ತೆ. ರೆಗ್ಯುಲೇಟರ್ ಎಲ್ಲಿಟ್ಟಿದ್ದೀರಿ ಅಂತ ಇವತ್ತೇ ಹುಡುಕಿ, ಬೇಕಾದಾಗ ಅದೊಂದು ಸಿಗೋದಿಲ್ಲ.